ಚಿಪ್ಪಿನ ತುದಿ ಬೆಳ್ಳಗಾದ ದಿನ

9 ಮಾರ್ಚ್ 2025, ಭಾನುವಾರ

ಬೆಳಗ್ಗೆ ಅಕ್ವೇರಿಯಂ ಗಾಜು ಒರೆಸುವಾಗ ದೊಡ್ಡ ಬಸವನಹುಳ ಕಣ್ಣಿಗೆ ಬಿತ್ತು. ಸುರುಳಿಯ ತುದಿ ಬೆಳ್ಳಗಾಗಿದೆ. ಬೆರಳಾಡಿಸಿದರೆ ಸಣ್ಣ ಸಣ್ಣ ಗುಳಿಗಳು. ಹೋದ ವಾರವೂ ಕಂಡಿತ್ತು. ಏನೋ ಕಲೆ ಇರಬೇಕು ಅಂತ ಸುಮ್ಮನಿದ್ದೆ.

ಕ್ಯಾಲ್ಸಿಯಂ ಸಾಲದು ಅನ್ನೋಣ ಅಂದರೆ, ಒಂದು ತಿಂಗಳಿಂದ ಮೊಟ್ಟೆಚಿಪ್ಪು ಹಾಕುತ್ತಲೇ ಇದ್ದೇನೆ. ಇನ್ನೇನು ಬೇಕಂತೆ ಇದಕ್ಕೆ?

ನೀರು ಪರೀಕ್ಷೆ ಮಾಡಿದೆ. ಪಿಎಚ್ 6.4, ಅಂದರೆ 7ಕ್ಕಿಂತ ಕೆಳಗೆ, ನೀರು ಸ್ವಲ್ಪ ಹುಳಿ. ಗಡಸುತನ, ಅಂದರೆ ಜಿಎಚ್, ಬರೀ 2 ಡಿಗ್ರಿ. ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟ್‌ಗಳ ಅಳತೆ, ಅಂದರೆ ಕೆಎಚ್, 1 ಡಿಗ್ರಿ. ಆಗ ಹೊಳೆಯಿತು. ಎರಡು ತಿಂಗಳಿಂದ ಆರ್‌ಒ ನೀರನ್ನೇ ತುಂಬುತ್ತಿದ್ದೇನೆ. ಶುದ್ಧ ನೀರಾದರೆ ಒಳ್ಳೇದು ಅನ್ನೋ ನನ್ನ ಜಾಣತನ! ಆ ನೀರಲ್ಲಿ ಖನಿಜ ಹೆಚ್ಚುಕಮ್ಮಿ ಇರುವುದೇ ಇಲ್ಲ. ಸಾಲದ್ದಕ್ಕೆ ಒಳಗಿರುವ ಮರದ ತುಂಡು ಬೇರೆ ನೀರನ್ನು ಹುಳಿ ಮಾಡುತ್ತದೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ನೀರಲ್ಲಿ ಕರಗುತ್ತದೆ. ತುದಿಯೇ ಯಾಕೆ ಮೊದಲು ಅಂದರೆ, ಅದು ಮರಿಯಾಗಿದ್ದಾಗಿನ ಭಾಗ, ಎಲ್ಲಕ್ಕಿಂತ ಹಳೇದು. ಮೇಲಿನ ತೆಳು ಸಿಪ್ಪೆ ಅಲ್ಲಿ ಸವೆದಿರುತ್ತದೆ, ಕೆಳಗಿನ ಸುಣ್ಣ ನೀರಿಗೆ ಸಿಗುತ್ತದೆ. ಒಂದು ಕಡೆ ನಾನು ತಿನ್ನಿಸುತ್ತಿದ್ದೆ, ಇನ್ನೊಂದು ಕಡೆ ನೀರು ತಿನ್ನುತ್ತಿತ್ತು.

ಮೊಟ್ಟೆಚಿಪ್ಪಿನ ಕಥೆಯೂ ಅಷ್ಟೇ. ಒಳಗಿನ ಪೊರೆ ತೆಗೆಯದೆ ದೊಡ್ಡ ದೊಡ್ಡ ಚೂರು ಹಾಕಿದ್ದೆ. ಹಾಕಿದ ಜಾಗದಲ್ಲೇ ಬಿದ್ದಿವೆ. ಕುದಿಸಿ, ಪೊರೆ ಬಿಡಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಬೇಕಿತ್ತು. ದಿನಾ ಪಾಲಕ್ ಎಲೆ ಬೇರೆ ಕೊಡುತ್ತಿದ್ದೆ, ಹೆಮ್ಮೆಯಿಂದ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹುಳಕ್ಕೆ ಸಿಗುವುದು ಕಡಿಮೆ.

ಇವತ್ತು ಐದನೇ ಒಂದು ಭಾಗ ನೀರು ತೆಗೆದು, ಕ್ಲೋರಿನ್ ಹೋಗಿಸಿದ ನಲ್ಲಿ ನೀರು ಹಾಕಿದೆ. ಒಂದೇ ಸಲ ಜಾಸ್ತಿ ಬದಲಾಯಿಸಿದರೆ ಮೀನುಗಳು ತಡೆಯುವುದಿಲ್ಲ. ಫಿಲ್ಟರ್ ಒಳಗೆ ಹವಳದ ಪುಡಿಯ ಬಲೆ ಚೀಲ ಇಟ್ಟೆ, ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಇದು ನನಗೆ ತುಂಬಾ ಇಷ್ಟವಾಯಿತು. ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಪಿಎಚ್ ಏರಿದ ಹಾಗೆ ತಾನೇ ನಿಧಾನವಾಗುತ್ತದೆ. ಪಿಎಚ್ 7ರ ಮೇಲೆ ನಿಂತರೆ ಸಾಕು ನನಗೆ. ಪಂಜರದ ಹಕ್ಕಿಗಳಿಗೆ ಸಿಗಿಸುತ್ತಾರಲ್ಲ, ಕಟಲ್‌ಫಿಶ್ ಅನ್ನೋ ಕಡಲಜೀವಿಯ ಒಳಗಿನ ಸುಣ್ಣದ ಚಿಪ್ಪು, ಆ ಕಟಲ್‌ಬೋನ್ ಒಂದು ತುಂಡನ್ನೂ ಹಾಕಿದೆ. ಅದು ದೋಣಿಯ ಹಾಗೆ ತೇಲುತ್ತಾ ಕೂತಿದೆ. ಕುದಿಸಿ ಹಾಕಿದ್ದರೆ ಮುಳುಗುತ್ತಿತ್ತು.

ತುದಿಯ ಗುಳಿಗಳು ಹೊರಗಿನಿಂದ ಇನ್ನು ತುಂಬುವುದಿಲ್ಲ. ಹೊಸ ಚಿಪ್ಪು ಬೆಳೆಯುವುದು ಬಾಯಂಚಿನಲ್ಲಿ ಮಾತ್ರ. ಆ ಅಂಚಿನ ಫೋಟೊ ತೆಗೆದಿಟ್ಟಿದ್ದೇನೆ, ಮುಂದಿನ ತಿಂಗಳು ಪಕ್ಕದಲ್ಲಿಟ್ಟು ನೋಡಬೇಕು.

ರಾತ್ರಿ ದೀಪ ಆರಿಸುವಾಗ ಹುಳ ಗಾಜು ಹತ್ತಿ ಮೇಲೆ ಬಂದಿತ್ತು, ತೇಲುವ ಕಟಲ್‌ಬೋನ್ ಪಕ್ಕದಲ್ಲೇ. ತಿನ್ನುತ್ತಿತ್ತೋ ಸುಮ್ನೆ ನಿಂತಿತ್ತೋ, ಗೊತ್ತಾಗಲಿಲ್ಲ.