ಬೆಂಚಿನ ಮೇಲೆ ಕೂತಿದ್ದವರನ್ನು ಕೇಳಲೇ ಇಲ್ಲ

ನಮ್ಮದು ಸಣ್ಣ ಆರೋಗ್ಯ ಕೇಂದ್ರ. ಡಾಕ್ಟರ್ ಅಂತ ಇರುವುದು ನಾನೊಬ್ಬನೇ. ಮನೋವೈದ್ಯರು ತಿಂಗಳಿಗೊಮ್ಮೆ ಬರುತ್ತಾರೆ. ಹಾಗಾಗಿ ಬಿಪಿ ನೋಡುವಾಗಲೇ ಸಿಸ್ಟರ್ ಎರಡು ಪ್ರಶ್ನೆ ಕೇಳಿಬಿಡುತ್ತಾರೆ. ಕಳೆದ 2 ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತ್ತಾ? ಮನಸ್ಸು ಕುಗ್ಗಿತ್ತಾ? ಒಂದೊಂದಕ್ಕೂ 0ಯಿಂದ 3 ಅಂಕ. ಒಟ್ಟು 3 ಅಥವಾ ಜಾಸ್ತಿ ಬಂದರೆ ಪಿಎಚ್‌ಕ್ಯೂ-9, ಅಂದರೆ ಖಿನ್ನತೆ ಅಳೆಯುವ 9 ಪ್ರಶ್ನೆಗಳ ಹಾಳೆ ತುಂಬಿಸುವುದು.

ಒಬ್ಬ ರೋಗಿ ಮೈಕೈ ನೋವು, ಸುಸ್ತು ಅಂತ ಬಂದದ್ದು ಅದು ಮೂರನೇ ಸಲ. ಹಿಂದಿನ ಎರಡು ಸಲ ನಾನು ನೋವಿನ ಮಾತ್ರೆ ಕೊಟ್ಟು ಕಳಿಸಿದ್ದೆ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ ಸರಿ ಇದ್ದವು. ಈ ಸಲ ಹಾಳೆ ತುಂಬಿಸಿದರೆ 27ಕ್ಕೆ 16. 10 ಬಂದರೇ ಗಮನ ಕೊಡಬೇಕು. ಕೊನೆಯ ಪ್ರಶ್ನೆಯನ್ನು, ಸಾಯುವ ಯೋಚನೆಯದ್ದನ್ನು, ನಾನೇ ಮತ್ತೆ ಬಾಯಿಬಿಟ್ಟು ಕೇಳಿದೆ. ‘ಸಾಯಬೇಕು ಅಂತ ಇಲ್ಲ ಡಾಕ್ಟ್ರೇ. ಬೆಳಗ್ಗೆ ಏಳಬೇಕು ಅಂತಾನೂ ಇಲ್ಲ’ ಅಂದರು.

ಹೊರಗೆ ಸಾಲು ಬೆಳೆಯುತ್ತಿತ್ತು. ಖಿನ್ನತೆಯ ಮಾತ್ರೆ ಬರೆದು, 2 ವಾರ ಬಿಟ್ಟು ಬನ್ನಿ ಅಂದೆ. ಕಾಯಿಲೆ ಹಿಡಿದುಬಿಟ್ಟೆ ಅಂತ ಒಳಗೊಳಗೇ ಸ್ವಲ್ಪ ಜಂಬ ಬೇರೆ.

12ನೇ ದಿನ ಅವರ ಹೆಂಡತಿ ಒಬ್ಬರೇ ಬಂದರು. ‘ಔಷಧಿ ಕೆಲಸ ಮಾಡಿದೆ ಡಾಕ್ಟ್ರೇ, ಜಾಸ್ತೀನೇ ಮಾಡಿದೆ.’ ಮೂರು ರಾತ್ರಿಯಿಂದ ನಿದ್ದೆ ಇಲ್ಲವಂತೆ, ಆದರೂ ಸುಸ್ತೇ ಇಲ್ಲ. ನಡುರಾತ್ರಿ ನೆಂಟರಿಗೆಲ್ಲ ಫೋನ್. ಮನೆಯ ಬೀರು ಬಿಚ್ಚಿ ಹಾಕಿದ್ದಾರೆ, ಜೋಡಿಸುವಷ್ಟರಲ್ಲಿ ಇನ್ನೊಂದು ಕೆಲಸ ಶುರು.

‘ಮೊದಲು ಯಾವಾಗಾದರೂ ಹೀಗಾಗಿತ್ತಾ?’

‘6 ವರ್ಷದ ಹಿಂದೆ ಆಗಿತ್ತು. ಸಾಲ ಮಾಡಿ ಎರಡು ಬೈಕ್ ತಂದಿದ್ರು. ನೀವು ಕೇಳಲಿಲ್ಲವಲ್ಲ.’

ನಿಜ, ಕೇಳಿರಲಿಲ್ಲ. ಅವತ್ತೂ ಆಕೆ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಬಾಗಿಲು ದಾಟಿದರೆ ನಾಲ್ಕು ಹೆಜ್ಜೆ.

ಹಾಳೆಯಲ್ಲಿರುವ 9 ಪ್ರಶ್ನೆಗಳೂ ಕುಗ್ಗಿದ ಮನಸ್ಸಿನವು. ಬೈಪೋಲಾರ್, ಅಂದರೆ ಮನಸ್ಸು ಕೆಲವೊಮ್ಮೆ ಕುಗ್ಗಿ ಕೆಲವೊಮ್ಮೆ ವಿಪರೀತ ಹುರುಪಿಗೆ ಏರುವ ಕಾಯಿಲೆ, ಇರುವವರು ಕುಗ್ಗಿದಾಗ ಬಂದರೆ ಅಂಕ ಬರೀ ಖಿನ್ನತೆ ಇರುವವರ ಥರವೇ ಕಾಣುತ್ತದೆ. ಅವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಮನಸ್ಸು ಮೇಲಕ್ಕೆ ಚಿಮ್ಮಿಬಿಡಬಹುದು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ! ಮನೋವೈದ್ಯರಿಗೆ ಫೋನ್ ಮಾಡಿದೆ. ಮಾತ್ರೆ ನಿಲ್ಲಿಸಿ, ಇವತ್ತೇ ಕಳಿಸಿ ಅಂದರು. ಒಪ್ಪಿಸಿ ಕರೆದುಕೊಂಡು ಹೋಗುವಷ್ಟರಲ್ಲಿ ಸಂಜೆಯಾಯಿತು. ಪೂರ್ತಿ ಹತೋಟಿಗೆ ಬರಲು ವಾರಗಳೇ ಹಿಡಿದವು.

ಆಮೇಲೆ ಹಾಳೆಯ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದೆ: ‘ನಿದ್ದೆ ಕಡಿಮೆಯಾದರೂ ಸುಸ್ತಾಗದೆ, ದಿನಗಟ್ಟಲೆ ವಿಪರೀತ ಹುರುಪಿನಲ್ಲಿ ಇದ್ದದ್ದು ಉಂಟಾ? ಜೊತೆಗೆ ಬಂದವರನ್ನೂ ಕೇಳಿ.’ ಸಿಸ್ಟರ್ ಜೆರಾಕ್ಸ್ ಮಾಡಿಸಿ ತಂದರು. ಹಾಳೆ ಸೊಟ್ಟಗೆ ಕೂತು, ಕೊನೆಯ ಅರ್ಧ ಸಾಲು ಕತ್ತರಿಸಿಹೋಗಿತ್ತು.

‘ಇರಲಿ ಬಿಡಿ ಸಾರ್’ ಅಂದವರೇ ಬಾಗಿಲಿಗೆ ಹೋಗಿ, ‘ಇವರ ಜೊತೆ ಯಾರು ಬಂದಿದ್ದೀರಿ?’ ಅಂತ ಕೂಗಿದರು.