ಅಜ್ಜನ ಕೋವಿ ಮತ್ತು ಮೂರು ಅಕ್ಷರ

ಹಳೆಯ ವಿಂಚೆಸ್ಟರ್ ಕೋವಿಯ ಮೇಲೆ ಸೈನ್ಯದ ಗುರುತಾದ ‘ಯುಎಸ್’ ಎಂಬ ಅಕ್ಷರಗಳೂ ಪಕ್ಕದಲ್ಲಿ ಉರಿಯುವ ಬಾಂಬಿನ ಮುದ್ರೆಯೂ ಇದ್ದರೆ ಅಮೆರಿಕದಲ್ಲಿ ಅದರ ಬೆಲೆ ಎಲ್ಲಿಗೋ ಏರುತ್ತದೆ. ಅದಕ್ಕೇ ಆ ಎರಡನ್ನು ನಾನು ಕೊನೆಗೆ ನೋಡುವುದು. ಅಚ್ಚೊಂದನ್ನು ಮಾಡಿಸಿ ಸುತ್ತಿಗೆಯಿಂದ ಒಂದೇಟು ಹಾಕಿದರೆ ಬಾತುಕೋಳಿ ಹೊಡೆಯುವ ಕೋವಿಯೂ ಸೈನ್ಯಕ್ಕೆ ಸೇರಿಬಿಡುತ್ತದೆ.

ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಇಟ್ಟು ಪೂಜಿಸುತ್ತೇವೆ ಎಂದು ಒಮ್ಮೆ ಹೇಳಿದ್ದೇ ತಡ, ಮ್ಯಾಸಚೂಸೆಟ್ಸ್‌ನ ನಮ್ಮ ನೆರೆಮನೆಯ ಹಿರಿಯರಿಗೆ ನಾನು ಕೋವಿ ಪಂಡಿತನಾಗಿಬಿಟ್ಟೆ. ಒಂದು ಭಾನುವಾರ ಕರೆದರು. ಊಟದ ಮೇಜಿನ ಮೇಲೆ, ಹಳೇ ಟವೆಲ್ ಹಾಸಿ, ಒಂದೇ ಏಟಿಗೆ ಹಲವು ಸೀಸದ ಗುಂಡು ಚೆಲ್ಲುವ ವಿಂಚೆಸ್ಟರ್ 1897 ಕೋವಿಯನ್ನು ಮಲಗಿಸಿದ್ದರು. ನಳಿಕೆಯ ಮೇಲೆ ಕೈ ಸುಡದಂತೆ ತೂತುತೂತಿನ ತಗಡು, ಮುಂದೆ ಬಯೊನೆಟ್ ಸಿಕ್ಕಿಸುವ ಕಬ್ಬಿಣ. “ಅಜ್ಜ 1918ರಲ್ಲಿ ಫ್ರಾನ್ಸಿನ ಕಂದಕದಲ್ಲಿ ಹಿಡಿದದ್ದು” ಎಂದರು.

ಕತೆಗೆ ಬಲವೇನೋ ಇತ್ತು. ಈ ಕೋವಿ ಅಮಾನುಷ ಎಂದು 1918ರ ಸೆಪ್ಟೆಂಬರಿನಲ್ಲಿ ಜರ್ಮನಿ ಅಧಿಕೃತವಾಗಿ ಪ್ರತಿಭಟಿಸಿತ್ತು. ವಿಷಾನಿಲ ಬಿಟ್ಟವರಿಗೆ ಸೀಸದ ಗುಂಡಿನ ಬಗ್ಗೆ ಇಷ್ಟೊಂದು ಮರುಕ!

ಮೊದಲು ಖಾಲಿ ಇದೆಯೇ ಎಂದು ನೋಡಿ, ಕೋವಿಯನ್ನು ಮಗುಚಿದೆ. ಒಂಬತ್ತು ಲಕ್ಷ ದಾಟಿದ ತಯಾರಿಕೆಯ ಕ್ರಮಸಂಖ್ಯೆ. ನಳಿಕೆಯ ಬುಡದಲ್ಲಿರುವ ಸಂಖ್ಯೆಯೂ ಅದೇ. ಅಲ್ಲದೆ ಇದು ನಳಿಕೆ ಬಿಚ್ಚಿ ಎರಡು ಭಾಗವಾಗುವ ಮಾದರಿ. ಮೊದಲ ಮಹಾಯುದ್ಧಕ್ಕೆ ಹೋದವು ಬಿಚ್ಚಲು ಬಾರದವು, ಬಿಚ್ಚುವಂಥವು ಎರಡನೆಯದಕ್ಕೆ. ತಗಡಿನಲ್ಲಿ ತೂತಿನ ಸಾಲು ನಾಲ್ಕೇ. ಅಜ್ಜನ ಕಾಲದವಕ್ಕೆ ಆರು ಸಾಲು.

ಹಿರಿಯರಿಗೆ ಇನ್ನೂ ಏನೂ ಹೇಳಲಿಲ್ಲ. ದೀಪ ಆರಿಸಿ, ಟಾರ್ಚನ್ನು ಮರದ ಹಿಡಿಗೆ ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ಬರೀ ಎಣ್ಣೆಯ ಕಪ್ಪು. ಓರೆ ಬೆಳಕಿಗೆ ಎಡಗಡೆ ಒಂದು ಚೌಕ ಎದ್ದು ಬಂತು. ಒಳಗೆ ‘ಜಿಎಚ್‌ಡಿ’. ಒಂದು ಮೂಲೆ ಯಾರೋ ಉಜ್ಜಿದ್ದರಿಂದ ಸವೆದಿತ್ತು. 1942ರಿಂದ ಸೈನ್ಯದ ಶಸ್ತ್ರಾಸ್ತ್ರ ಇಲಾಖೆಯ ಸ್ಪ್ರಿಂಗ್‌ಫೀಲ್ಡ್ ಆರ್ಡ್ನೆನ್ಸ್ ಜಿಲ್ಲೆಯ ಮುಖ್ಯಸ್ಥರಾಗಿದ್ದ ಗೈ ಎಚ್. ಡ್ರೂರಿ ಅವರ ಹೆಸರಿನ ಮೊದಲಕ್ಷರಗಳು. ಪ್ರತಿ ಕೋವಿಯನ್ನೂ ಅವರೇ ನೋಡಿದರೆಂದಲ್ಲ, ಅವರ ಹೆಸರಿನಲ್ಲಿ ಇಲಾಖೆ ಒಪ್ಪಿಕೊಂಡಿತೆಂದು. ಅದರ ಹತ್ತಿರವೇ ‘ಎಎ’: ಜಾರ್ಜಿಯಾದ ಆಗಸ್ಟಾ ಆರ್ಸೆನಲ್ ಎಂಬ ಸೈನ್ಯದ ಶಸ್ತ್ರಾಗಾರದಲ್ಲಿ ರಿಪೇರಿಯಾಗಿ ಬಂದ ಗುರುತು. ಲೋಹಕ್ಕೆ ನೀಲಿ ಹೊಳಪಿನ ಬದಲು ಬೂದು ಬಣ್ಣ ಬಂದದ್ದು ಏಕೆಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು: ರಿಪೇರಿಯಲ್ಲಿ ಹೊಸ ಲೇಪ ಹಾಕಿದ್ದರು.

ಆಮೇಲೆ ಬಾಂಬಿನ ಮುದ್ರೆ. ಅದರ ಗುಂಡಿಯೊಳಗೂ ಅದೇ ಬೂದು ಬಣ್ಣ, ಅಂಚು ಮೊಂಡು. ಈಚೆಗೆ ಹೊಡೆದದ್ದಾಗಿದ್ದರೆ ಅಂಚು ಉಬ್ಬಿ, ಬಣ್ಣ ಒಡೆದು, ಒಳಗೆ ಹೊಳೆಯುವ ಕಬ್ಬಿಣ ಕಾಣಬೇಕಿತ್ತು. ಮುದ್ರೆ, ಸಂಖ್ಯೆ, ತಗಡು, ಮರ ಎಲ್ಲವೂ ಒಂದೇ ಸಾಕ್ಷಿ ಹೇಳುತ್ತಿದ್ದವು, ಒಂದು ಅಜ್ಜನ ಕತೆಯನ್ನು ಬಿಟ್ಟು.

“ಕೋವಿ ಅಪ್ಪಟ ಸೈನ್ಯದ್ದೇ. ಆದರೆ ಇದು ಹುಟ್ಟುವಾಗ ಅಜ್ಜನ ಯುದ್ಧ ಮುಗಿದು ಇಪ್ಪತ್ತು ವರ್ಷ ದಾಟಿತ್ತು” ಎಂದೆ.

ಅವರು ಮಾತಾಡಲಿಲ್ಲ. ಅಡುಗೆಮನೆಯಿಂದ ಅವರ ಹೆಂಡತಿ ನಕ್ಕರು. “ನಾನು ಹೇಳಿರಲಿಲ್ವಾ? ನಿಮ್ಮಜ್ಜ ಸೈನ್ಯದಲ್ಲಿ ಅಡುಗೆ ಮಾಡ್ತಿದ್ರು.”