ಟೋಪಿ ಮೇಷ್ಟ್ರು ಮತ್ತು ಎರಡು ರೂಪಾಯಿ ಟಿಕೆಟ್ಟು

ನಮ್ಮ ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ, ಈಗಿನ ಮಕ್ಕಳಿಗೆ ಸ್ಫೂರ್ತಿ ಬರುವ ಹಾಗಿರಲಿ ಅಂತ ಕೇಳಿದ್ದಾರೆ. ನನ್ನ ಹತ್ತಿರ ಸ್ಫೂರ್ತಿ ಇಲ್ಲ. ಒಂದು ಮೋಸದ ಕಥೆ ಇದೆ. ಮೋಸ ಮಾಡಿದ್ದು ನಾನು ಮತ್ತು ನನ್ನ ರೂಮ್‌ಮೇಟು, ಸಿಕ್ಕಿಬಿದ್ದದ್ದು ನಮ್ಮ ಟೋಪಿ ಮೇಷ್ಟ್ರ ಕೈಗೆ, ಕಾರಣ ಒಂದು ಫ್ರೆಂಚ್ ಸಿನಿಮಾ. ಮೇಷ್ಟ್ರು ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಇನ್ನು ಹೇಳಿದರೆ ಬೈಯುವವರಿಲ್ಲ.

ಅವರು ನಮಗೆ ಇಂಗ್ಲಿಷ್ ಮೇಷ್ಟ್ರು. ಎರಡು ವರ್ಷ ಏನು ಪಾಠ ಮಾಡಿದರೋ, ದೇವರಾಣೆ ಒಂದು ಸಾಲೂ ನೆನಪಿಲ್ಲ. ನೆನಪಿರುವುದು ಆ ಬೂದು ಬಣ್ಣದ ಟೋಪಿ. ಮೈಸೂರಿನ ಬಿಸಿಲಿಗೆ ಯಾರಾದರೂ ಉಣ್ಣೆ ಟೋಪಿ ಹಾಕುತ್ತಾರಾ? ಇವರು ಹಾಕುತ್ತಿದ್ದರು. ಸೈಕಲ್ ಮೇಲೆ ಬರುವಾಗ ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಟೋಪಿ ಮೇಲೆ. ಕ್ಲಾಸಿಗೆ ಬಂದ ಕೂಡಲೇ ಅದನ್ನು ತೆಗೆದು, ಮೇಲಿನ ಮಡಿಕೆಯನ್ನು ಎರಡು ಬೆರಳಲ್ಲಿ ಚಿವುಟಿ ಸರಿಮಾಡಿ, ಅಂಗಾತ ಮಲಗಿಸಿದ ಹಾಗೆ ಮೇಜಿನ ಮೇಲೆ ಇಡುತ್ತಿದ್ದರು. ಟೋಪಿಯನ್ನು ಅಂಚಿನ ಮೇಲೆ ಇಡಬಾರದಂತೆ, ಅಂಚು ಸೊಟ್ಟಗಾಗುತ್ತದಂತೆ. ಒಂದು ದಿನ ಧೈರ್ಯ ಮಾಡಿ ಕೇಳಿದೆವು, ಸಾರ್ ಇದು ಫಾರಿನ್ನಾ ಅಂತ. "ಹೂಂ ಕಣಯ್ಯಾ, ದೊಡ್ಡ ಗಡಿಯಾರದ ಹತ್ರ ಹದಿನೆಂಟು ರೂಪಾಯಿ" ಅಂದರು. ಆಮೇಲೆ ಪಾಠ ಬಿಟ್ಟು ಅಸಲಿ ಟೋಪಿಯ ಕಥೆ ಶುರುಮಾಡಿದರು. ಇಟಲಿಯ ಅಲೆಸ್ಸಾಂಡ್ರಿಯ ಅನ್ನುವ ಊರು, ಬೊರ್ಸಲಿನೋ ಅನ್ನುವವನು 1857ರಲ್ಲಿ ಶುರುಮಾಡಿದ ಕಾರ್ಖಾನೆ, ಮೊಲದ ತುಪ್ಪಳವನ್ನು ಬಿಸಿನೀರಲ್ಲಿ ಹದಮಾಡಿ ಕುಗ್ಗಿಸಿ ಮಾಡುವ ಟೋಪಿ. ಬೆಲ್ ಹೊಡೆಯಿತು. ಅವತ್ತಿನ ಪದ್ಯ ಹಾಗೇ ಉಳಿಯಿತು, ಇವತ್ತಿಗೂ ಉಳಿದಿದೆ.

ಫ್ರೆಂಚ್ ಅವರು ಪಾಂಡಿಚೇರಿಯಲ್ಲಿ ಕಲಿತದ್ದು. ಸಂಜೆ ಐದಕ್ಕೆ ಪುಕ್ಕಟೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ಹೋಗುತ್ತಿದ್ದದ್ದು ಒಂಬತ್ತು ಜನ, ಅದರಲ್ಲಿ ನಾನೂ ಒಬ್ಬ ಅಂತ ಹೆಮ್ಮೆಯಿಂದ ಹೇಳುತ್ತೇನೆ. ಫ್ರಾನ್ಸಿನಲ್ಲಿ ಒಂದು ಬಂದರು ಊರಿದೆ, ಅದರ ಹೆಸರು ಬಂದರೆ ಸಾಕು, ಮೇಷ್ಟ್ರು ಹೇಳುತ್ತಿದ್ದರು: "ಮಾರ್ಸೇಲ್ಸ್ ಅನ್ಬೇಡ್ರಯ್ಯಾ. ಮಾರ್ಸೇ. ಕೊನೇದನ್ನ ನುಂಗಿ. ಹಾಸ್ಟೆಲ್ ಮೆಸ್ಸಲ್ಲಿ ಕಲ್ಲು ನುಂಗ್ತೀರ, ಒಂದು ಅಕ್ಷರ ನುಂಗಕ್ಕಾಗಲ್ವಾ?"

ಈಗ ನಮ್ಮ ವ್ಯವಹಾರಕ್ಕೆ ಬರುತ್ತೇನೆ. ನಾನೂ ನನ್ನ ರೂಮ್‌ಮೇಟೂ ಸಣ್ಣ ಪ್ರಮಾಣದ ಕಳ್ಳರು. ಮೊದಲು ಸೈಕಲ್ ಬಾಡಿಗೆ, ಗಂಟೆಗೆ ನಾಲ್ಕಾಣೆ. ಸೈಕಲ್ ನಮ್ಮದಲ್ಲ, ಬೇರೆಯವರದು. ಆಮೇಲೆ ನೋಟ್ಸ್ ಜೆರಾಕ್ಸ್, ಪುಟಕ್ಕೆ ಹತ್ತು ಪೈಸೆ ಲಾಭ. ಹಾಗೇ ಆಸೆ ದೊಡ್ಡದಾಯಿತು. 1987ರ ಜನವರಿಯಲ್ಲಿ ಮೇಷ್ಟ್ರು ಫಿಲಂ ಕ್ಲಬ್ಬಿನಿಂದ ನೋಟಿಸ್ ಹಾಕಿದರು, ಶನಿವಾರ ಸಂಜೆ ಫ್ರೆಂಚ್ ಸಿನಿಮಾ 'ಬೊರ್ಸಲಿನೋ', ಎಲ್ಲರಿಗೂ ಉಚಿತ ಪ್ರವೇಶ. ರಾತ್ರೋರಾತ್ರಿ ನೋಟಿಸ್ ಹರಿದು ಹಾಕಿದೆವು. ಆಫೀಸಿನ ಸೈಕ್ಲೋಸ್ಟೈಲ್ ಮೆಷಿನ್ನಲ್ಲಿ ಟಿಕೆಟ್ ಮಾಡಿಸಿದೆವು, ಒಂದಕ್ಕೆ ಎರಡು ರೂಪಾಯಿ. ಹಾಸ್ಟೆಲ್ಲಿನಲ್ಲಿ ಒಂದೇ ಒಂದು ಮಾತು ಹರಿಯಬಿಟ್ಟೆವು: "ಫ್ರೆಂಚ್ ಸಿನಿಮಾ, ಕಟ್ ಮಾಡಿಲ್ಲ."

ಸಾಕಲ್ವಾ? ಒಂದು ದಿನದಲ್ಲಿ 112 ಟಿಕೆಟ್ ಹೋಯಿತು.

ಶನಿವಾರ ಹಾಲ್ ತುಂಬಿ ಕಿಟಕಿಯಲ್ಲೂ ಜನ. ಮೇಷ್ಟ್ರ ಮುಖ ನೋಡಬೇಕಿತ್ತು. ಯಾವಾಗಲೂ ಹದಿನೈದು ಜನ ಬರುತ್ತಿದ್ದ ಕ್ಲಬ್ಬು ಅದು. "ನಮ್ಮ ಹುಡುಗರಿಗೆ ಟೇಸ್ಟ್ ಬಂತು ಕಣ್ರೀ" ಅಂತ ಪಕ್ಕದಲ್ಲಿದ್ದ ಕೆಮಿಸ್ಟ್ರಿ ಮೇಷ್ಟ್ರಿಗೆ ಹೇಳಿದರು. ನಮ್ಮ ವಾರ್ಡನ್ ಕೂಡ ಅವರೇ, ಹಣೆತುಂಬ ವಿಭೂತಿ, ನಗು ಅನ್ನುವುದೇ ಗೊತ್ತಿಲ್ಲ. ಏನಾದರೂ ಕೆಟ್ಟದ್ದು ಬಂದರೆ ಲೆನ್ಸಿಗೆ ರಟ್ಟು ಅಡ್ಡ ಹಿಡಿಯುವುದಕ್ಕೆ ಅಂತ ಪ್ರೊಜೆಕ್ಟರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಶುರುವಿಗೆ ಮುಂಚೆ ಮೇಷ್ಟ್ರು ಹತ್ತು ನಿಮಿಷ ಮಾತಾಡಿದರು. ಜಾಕ್ ದೆರೇ ನಿರ್ದೇಶನ, 1970ರ ಸಿನಿಮಾ. ಕಥೆ ನಡೆಯುವುದು 1930ರ ದಶಕದ ಮಾರ್ಸೇ ಬಂದರಿನಲ್ಲಿ. ಆ ಕಾಲದಲ್ಲಿ ಊರನ್ನು ನಿಜವಾಗಿ ಆಳಿದ ಇಬ್ಬರು ರೌಡಿಗಳಿದ್ದರು, ಕಾರ್ಬೋನ್ ಮತ್ತು ಸ್ಪಿರಿಟೋ ಅಂತ. ಅವರ ಕಥೆಯನ್ನೇ ಹೆಸರು ಬದಲಿಸಿ ತೆಗೆದದ್ದು. "ಸಿನಿಮಾದಲ್ಲಿ ಚೆಂದ ಕಾಣ್ತಾರೆ, ಮರುಳಾಗ್ಬೇಡಿ. ಅಸಲಿ ಜನ ಯುದ್ಧದಲ್ಲಿ ಜರ್ಮನರ ಜೊತೆ ಸೇರ್ಕೊಂಡ್ರು. ಆ ಕಾರ್ಬೋನ್ 1943ರಲ್ಲಿ ರೈಲಲ್ಲಿ ಹೋಗ್ತಿದ್ದಾಗ, ಜರ್ಮನರ ವಿರುದ್ಧ ಇದ್ದೋರು ಆ ರೈಲನ್ನೇ ಬೀಳಿಸಿದ್ರು, ಅದರಲ್ಲೇ ಸತ್ತ." ಆಮೇಲೆ ಇನ್ನೊಂದು ಮಾತು ಹೇಳಿದರು. ಚಿತ್ರಕಥೆ ಬರೆದವರಲ್ಲಿ ಒಬ್ಬ ಜಾನ್-ಕ್ಲೋದ್ ಕಾರಿಯೇರ್. ಅದೇ ಮನುಷ್ಯ ಇಂಗ್ಲಿಷ್ ನಾಟಕ ನಿರ್ದೇಶಕ ಪೀಟರ್ ಬ್ರೂಕ್‌ಗೆ ನಮ್ಮ ಮಹಾಭಾರತವನ್ನು ಒಂಬತ್ತು ಗಂಟೆಯ ನಾಟಕ ಮಾಡಿಕೊಟ್ಟವನು, 1985ರಲ್ಲಿ, ದ್ರೌಪದಿ ಮಲ್ಲಿಕಾ ಸಾರಾಭಾಯಿ. ಹಿಂದಿನ ಸಾಲಿನಿಂದ ಯಾರೋ "ವಸ್ತ್ರಾಪಹರಣ ಇದೆಯಾ ಸಾರ್" ಅಂದರು. ಹಾಲೆಲ್ಲ ನಕ್ಕಿತು. ಮೇಷ್ಟ್ರಿಗೆ ಯಾಕೆ ನಗುತ್ತಿದ್ದಾರೆ ಗೊತ್ತಾಗಲಿಲ್ಲ.

ದೀಪ ಆರಿತು. ಪಿಯಾನೋ ಶುರುವಾಯಿತು. ಕ್ಲೋದ್ ಬೋಲಿಂಗ್ ಮಾಡಿದ ಆ ಟ್ಯೂನ್ ಕೇಳಿದ್ದೀರಾ? ಕುಣಿಯುತ್ತಾ ಮೆಟ್ಟಿಲು ಇಳಿದ ಹಾಗಿರುತ್ತದೆ. ರೋಕ್ ಸಿಫ್ರೆಡಿ, ಅಂದರೆ ನಟ ಅಲೆಂ ದೆಲೋಂ, ಜೈಲಿನಿಂದ ಬಿಡುಗಡೆಯಾಗಿ ತನ್ನ ಲೋಲಾಳನ್ನು ಹುಡುಕಿಕೊಂಡು ಬರುತ್ತಾನೆ. ಅವಳು ಈಗ ಫ್ರಾಂಸ್ವಾ ಕಾಪೆಲ್ಲನ ಜೊತೆ, ಅಂದರೆ ಬೆಲ್ಮೊಂಡೋ. ಇಬ್ಬರೂ ಹೊಡೆದಾಡುತ್ತಾರೆ. ಮೇಜು ಕುರ್ಚಿ ಬಿಡದೆ ಹೊಡೆದಾಡಿ, ಸುಸ್ತಾಗಿ, ಗೆಳೆಯರಾಗಿಬಿಡುತ್ತಾರೆ. ಹುಡುಗಿಗಾಗಿ ಶುರುವಾದ ಜಗಳದಲ್ಲಿ ಹುಡುಗಿ ಮರೆತೇ ಹೋಗುತ್ತಾಳೆ. ಆಮೇಲೆ ಕುದುರೆ ರೇಸು, ಬಾಕ್ಸಿಂಗಲ್ಲಿ ಗೋಲ್‌ಮಾಲ್. ಅಲ್ಲಿಂದ ಮೀನು ಮಾರ್ಕೆಟ್ಟು, ಅದೂ ಸಾಲದೆ ಮಾಂಸದ ಮಾರ್ಕೆಟ್ಟು. ಕತ್ತಲಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸೈಕಲ್, ಜೆರಾಕ್ಸ್, ಟಿಕೆಟ್ಟು. ನಮ್ಮದೇ ಕಥೆ, ಸೂಟು ಒಂದು ಇಲ್ಲ.

ಹುಡುಗರು ಮಾತ್ರ ಕಾದರು, ಕಾದರು. ಬರುವುದೆಲ್ಲ ಟೋಪಿ, ಸೂಟು, ಕಾರು, ಟೋಪಿ. ನಲವತ್ತೈದು ನಿಮಿಷಕ್ಕೆ ಮೊದಲ ರೀಲ್ ಮುಗಿಯಿತು. ಒಂದೇ ಪ್ರೊಜೆಕ್ಟರು, ರೀಲ್ ಬದಲಿಸುವವರೆಗೆ ದೀಪ ಹಾಕಬೇಕು. ದೀಪ ಹತ್ತಿದ ತಕ್ಷಣ ಫಸ್ಟ್ ಇಯರ್ ಹುಡುಗನೊಬ್ಬ ಎದ್ದು ನಿಂತು, ಪಾಪ ತುಂಬಾ ಪ್ರಾಮಾಣಿಕವಾದ ದುಃಖದಲ್ಲಿ, "ಸಾರ್, ನಮ್ಮ ಎರಡು ರೂಪಾಯಿ ವಾಪಸ್ ಕೊಡಿ" ಅಂದ.

"ಯಾವ ಎರಡು ರೂಪಾಯಿ?"

ನೂರು ಬೆರಳು ನಮ್ಮ ಕಡೆ ತಿರುಗಿದವು.

ಕಾರಿಡಾರಿನಲ್ಲಿ ಇಪ್ಪತ್ತು ನಿಮಿಷ ವಿಚಾರಣೆ ನಡೆಯಿತು. ಹೊಡೆಯಲಿಲ್ಲ, ಕೂಗಲಿಲ್ಲ. ಟಿಕೆಟ್ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಬೊರ್ಸಲಿನೋ ಅಂತ ಸರಿಯಾಗೇ ಬರೆದಿದೀರಲ್ಲೋ" ಅಂದರು. ಅದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ಗೊತ್ತಿಲ್ಲ. ವಾಪಸ್ ಹಾಲಿಗೆ ಬಂದರೆ ಪರದೆಯ ಮೇಲೆ ಏನೋ ಎಡವಟ್ಟು. ಆಗಲೇ ಯಾರ್ಯಾರೋ ಸತ್ತಿದ್ದಾರೆ, ಇಬ್ಬರೂ ಊರಿಗೇ ದೊಡ್ಡವರಾಗಿದ್ದಾರೆ. ಡಬ್ಬಿಗಳ ಮೇಲೆ ಬರೆದದ್ದು ಫ್ರೆಂಚಿನಲ್ಲಿ. ಫಿಸಿಕ್ಸ್ ಲ್ಯಾಬಿನ ಅಟೆಂಡರಿಗೆ ಫ್ರೆಂಚ್ ಎಲ್ಲಿ ಬರಬೇಕು? ಎರಡನೇದು ಬಿಟ್ಟು ಮೂರನೇ ರೀಲ್ ಏರಿಸಿಬಿಟ್ಟಿದ್ದರು. ಮೇಷ್ಟ್ರು ಅವರ ಹತ್ತಿರ ಹೋಗಿ, ಬಗ್ಗಿ ನೋಡಿ, ಏನೂ ಹೇಳದೆ ಬಂದು ಕೂತರು.

ಕೊನೆಯಲ್ಲಿ ಕಾಪೆಲ್ಲ ಊರು ಬಿಟ್ಟು ಹೋಗುತ್ತೇನೆ ಅನ್ನುತ್ತಾನೆ. ಇಬ್ಬರೂ ಹೀಗೇ ಇದ್ದರೆ ಒಂದು ದಿನ ಒಬ್ಬರನ್ನೊಬ್ಬರು ಮುಗಿಸುತ್ತೇವೆ ಅಂತ ಅವನಿಗೆ ಗೊತ್ತು. ಹೊರಟವನಿಗೆ ಯಾರೋ ಗುಂಡು ಹೊಡೆಯುತ್ತಾರೆ. ಸಿಫ್ರೆಡಿಯ ತೋಳಲ್ಲಿ ಸಾಯುತ್ತಾನೆ. ಹಾಲಿನಲ್ಲಿ ಸದ್ದೇ ಇಲ್ಲ. ಎರಡು ರೂಪಾಯಿಯ ಹುಡುಗನೂ ಸುಮ್ಮನಾಗಿದ್ದ.

ದೀಪ ಹತ್ತಿತು. ಮೇಷ್ಟ್ರು ಎದ್ದು ನಿಂತು ಹೇಳಿದರು: "ಇನ್ನೂ ಒಂದು ಡಬ್ಬಿ ಬಾಕಿ ಇದೆ. ಹೋಗೋರು ಹೋಗಬಹುದು. ಕೂರೋರಿಗೆ ಇವನು ಇನ್ನೂ ಮುಕ್ಕಾಲು ಗಂಟೆ ಬದುಕಿರ್ತಾನೆ."

ಒಬ್ಬನೂ ಎದ್ದು ಹೋಗಲಿಲ್ಲ. ಪರದೆಯ ಮೇಲೆ ಬೆಲ್ಮೊಂಡೋ ಮುಖ ಬಂದಾಗ ಹೊಡೆದರು ನೋಡಿ ಶಿಳ್ಳೆ, ರಾಜಕುಮಾರ್ ಸಿನಿಮಾಗೆ ಮೊದಲ ದಿನ ಹೊಡೆಯುವ ಹಾಗೆ. ಅವನು ನಕ್ಕರೆ ಚಪ್ಪಾಳೆ, ನಡೆದರೆ ಚಪ್ಪಾಳೆ. ಸತ್ತವನು ಎದ್ದು ಬಂದು ಊಟ ಮಾಡುತ್ತಿದ್ದಾನೆ ಅಂದರೆ ಸುಮ್ನೆ ಮಾತಾ?

ಸೋಮವಾರ ಶಿಕ್ಷೆ. ಅದೇ ಹಾಲಿನ ಬಾಗಿಲಲ್ಲಿ ನಿಲ್ಲಿಸಿ, ತಮ್ಮ ಟೋಪಿ ತೆಗೆದು ನಮ್ಮ ಕೈಗೆ ಕೊಟ್ಟರು. "ಟೋಪಿ ಹಾಕಿದೋರು ಟೋಪಿ ಹಾಕ್ಕೊಂಡೇ ದುಡ್ಡು ವಾಪಸ್ ಕೊಡಿ." ಟೋಪಿ ಒಂದು, ತಲೆ ಎರಡು. ಯಾರು ಮೊದಲು ಹಾಕಿಕೊಳ್ಳಬೇಕು ಅಂತ ನಮ್ಮಲ್ಲೇ ಜಗಳ ಬಂತು. ಆಗ ಮೇಷ್ಟ್ರು ಹೇಳಿದ್ದು, ದೆಲೋಂ ಬೆಲ್ಮೊಂಡೋ ನಡುವೆಯೂ ಹೀಗೇ ಆಯಿತಂತೆ. ದೆಲೋಂ ನಿರ್ಮಾಪಕನೂ ಆಗಿದ್ದ, ಮೊದಲು ತನ್ನ ಹೆಸರು 'ಅರ್ಪಿಸುವ' ಅಂತ ಹಾಕಿಸಿಕೊಂಡ, ಬೆಲ್ಮೊಂಡೋ ಕೋರ್ಟಿಗೆ ಹೋದ. "ಅವರು ನಾನು ಮೊದಲು ಅಂತ ಜಗಳ ಆಡಿದ್ರು. ನೀವು ನೀನು ಮೊದಲು ಅಂತ ಆಡ್ತಿದೀರ. ಪರವಾಗಿಲ್ಲ, ಸುಧಾರಿಸಿದೀರ." ನಾನೇ ಮೊದಲು ಹಾಕಿಕೊಂಡೆ. ಒಳಗೆ ಅವರ ಕೊಬ್ಬರಿ ಎಣ್ಣೆ ವಾಸನೆ ಇತ್ತು. 112 ಜನರ ಮುಂದೆ ಕೈಚಾಚಿ ಎರಡೆರಡು ರೂಪಾಯಿ ಕೊಟ್ಟೆವು. ಏಳು ಜನ ಎರಡೆರಡು ಸಲ ಬಂದು ಈಸಿಕೊಂಡು ಹೋದರು, ಕಳ್ಳರು. ಕಡಿಮೆ ಬಿದ್ದ ಹದಿನಾಲ್ಕು ರೂಪಾಯಿ ಮೇಷ್ಟ್ರು ಜೇಬಿನಿಂದ ಹಾಕಿದರು.

ಅವತ್ತಿನಿಂದ ನನ್ನ ಗೆಳೆಯ ಕಾಪೆಲ್ಲ, ನಾನು ಸಿಫ್ರೆಡಿ. ಹಾಸ್ಟೆಲ್ ಬಾಯಲ್ಲಿ ವಾರದೊಳಗೆ ಅವನು ಕಪಿಲ ಆದ, ನಾನು ಸಿಪ್ಪೆ ಆದೆ. ಈಗ ನನ್ನ ಕೈಕೆಳಗೆ ಇನ್ನೂರು ಜನ ಕೆಲಸ ಮಾಡುತ್ತಾರೆ, ಮೂರು ದೇಶಕ್ಕೆ ಓಡಾಡುತ್ತೇನೆ, ಆದರೂ ಬ್ಯಾಚಿನ ಗ್ರೂಪಿನಲ್ಲಿ ನಾನು ಸಿಪ್ಪೆಯೇ. ಇನ್ನು ಕೆಮಿಸ್ಟ್ರಿ ಮೇಷ್ಟ್ರು. ರಟ್ಟು ಹಿಡಿದು ಕೂತಿದ್ದರಲ್ಲ, ಅವರು ಮುಂದೆ ಒಂದು ತಿಂಗಳು ಲ್ಯಾಬಿನಲ್ಲಿ ಪಿಪೆಟ್ ತೊಳೆಯುತ್ತಾ ಆ ಪಿಯಾನೋ ಟ್ಯೂನನ್ನು ಗುನುಗುತ್ತಿದ್ದರು. ನಾವು ಒಳಗೆ ಬಂದರೆ ನಿಲ್ಲಿಸಿಬಿಡುತ್ತಿದ್ದರು.

2018ರಲ್ಲಿ ಕಂಪನಿ ಕೆಲಸದ ಮೇಲೆ ಫ್ರಾನ್ಸಿಗೆ ಹೋದಾಗ ಒಂದು ದಿನ ರಜೆ ಹಾಕಿ ಮಾರ್ಸೇಗೆ ಹೋದೆ. ಹಳೇ ಬಂದರಿನ ದಡದಲ್ಲಿ ಬೆಳಿಗ್ಗೆ ಈಗಲೂ ಮೀನು ಮಾರುತ್ತಾರೆ, ತೊಟ್ಟಿಗಳಲ್ಲಿ ಕೆಲವು ಇನ್ನೂ ಬಾಲ ಬಡಿಯುತ್ತಿರುತ್ತವೆ. ಪಕ್ಕದಲ್ಲೇ ನಾರ್ಮನ್ ಫಾಸ್ಟರ್ ಮಾಡಿದ ದೊಡ್ಡ ಕನ್ನಡಿ ಚಾವಣಿ, 2013ರದ್ದು. ಕತ್ತೆತ್ತಿ ನೋಡಿದರೆ ನಾವು ತಲೆಕೆಳಗಾಗಿ ನಡೆಯುತ್ತಿರುತ್ತೇವೆ. ಬಂದರಿನ ಆಚೆ ದಡದ ಹಳೆಯ ಗಲ್ಲಿಗಳನ್ನು ಜರ್ಮನರು 1943ರಲ್ಲಿ ಮನೆ ಮನೆಯೇ ಸಿಡಿಸಿ ಕೆಡವಿದರಂತೆ, ಅಸಲಿ ಕಾರ್ಬೋನ್ ಓಡಾಡಿದ ಊರು ಅರ್ಧ ಹಾಗೇ ಹೋಯಿತು. ಮೀನಿನಾಕೆಗೆ ನಾನು ಮೇಷ್ಟ್ರು ಕಲಿಸಿದ ಫ್ರೆಂಚಿನಲ್ಲಿ, ಎಲ್ಲ ಕೊನೆಯಕ್ಷರ ನುಂಗಿ, ಬೆಲೆ ಕೇಳಿದೆ. ಆಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ತುಂಬ ಹೊತ್ತು ನಕ್ಕರು.

ನನ್ನ ಮಗಳೂ ಫ್ರೆಂಚ್ ತೆಗೆದುಕೊಂಡಿದ್ದಳು, ಹತ್ತನೇ ಕ್ಲಾಸಿನಲ್ಲಿ 97. ಕನ್ನಡಕ್ಕಿಂತ ಜಾಸ್ತಿ ಸ್ಕೋರ್ ಆಗುತ್ತದೆ ಅಂತ ಎಲ್ಲರೂ ತೆಗೆದುಕೊಳ್ಳುವುದು. ಎರಡು ವರ್ಷದಲ್ಲಿ ಒಂದು ಫ್ರೆಂಚ್ ಹಾಡು ಕೇಳಿಸಿಲ್ಲ, ಒಂದು ಸಿನಿಮಾ ತೋರಿಸಿಲ್ಲ. ಕ್ಲಾಸಿನಲ್ಲಿ ಗೋಡೆಯಗಲದ ಸ್ಮಾರ್ಟ್ ಬೋರ್ಡ್ ಇದೆ. ನಾನೇ ಕೂರಿಸಿ ಬೊರ್ಸಲಿನೋ ತೋರಿಸಲು ಹೋದೆ, ಅವಳು ಒಂದೂವರೆ ಸ್ಪೀಡಿಗೆ ಹಾಕಿ, ಕೈಯಲ್ಲಿ ಇನ್ನೊಂದು ಫೋನ್ ಹಿಡಿದು ನೋಡಿದಳು. ಬೋಲಿಂಗ್‌ನ ಟ್ಯೂನು ಒಂದೂವರೆ ಸ್ಪೀಡಲ್ಲಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಾಗುವುದೇ ಬೇಡ.

2021ರ ಸೆಪ್ಟೆಂಬರಿನಲ್ಲಿ ಬೆಲ್ಮೊಂಡೋ ಹೋದ. ಜಗಳ ಎಲ್ಲ ಮರೆತು ದೆಲೋಂ ಅಂತ್ಯಕ್ರಿಯೆಗೆ ಬಂದಿದ್ದ. 2024ರ ಆಗಸ್ಟಿನಲ್ಲಿ ದೆಲೋಂ ಹೋದ. ಇಬ್ಬರಿಗೂ 88. ದೆಲೋಂ ಫೋಟೋವನ್ನು ನಾನು ಗ್ರೂಪಿಗೆ ಹಾಕಿದಾಗ ಮೇಷ್ಟ್ರು ಬರೆದದ್ದು ಒಂದೇ ಸಾಲು: "ಸಿಪ್ಪೆ, ನೀನು ಹುಷಾರಾಗಿದೀಯ ತಾನೇ?"

ಮೇಷ್ಟ್ರ ಹನ್ನೊಂದನೇ ದಿನಕ್ಕೆ ನಾನೂ ಕಪಿಲನೂ ಮೈಸೂರಿಗೆ ಹೋದೆವು. ಮೇಷ್ಟ್ರ ಹೆಂಡತಿ ಕಾಫಿ ಕೊಟ್ಟರು. ಟೋಪಿ ಎಲ್ಲಿದೆಯಮ್ಮಾ ಅಂತ ಕೇಳಿದರೆ, "ಅಯ್ಯೋ, ಮೊಮ್ಮಗ ಫ್ಯಾನ್ಸಿ ಡ್ರೆಸ್ಸಿಗೆ ತಗೊಂಡು ಹೋಗಿದ್ದ ಕಣಪ್ಪಾ, ವಾಪಸ್ ಬರಲೇ ಇಲ್ಲ" ಅಂದರು. ಫಸ್ಟ್ ಪ್ರೈಜ್ ಬಂತಂತೆ.

ರಾತ್ರಿ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಕಪಿಲನ ಲ್ಯಾಪ್‌ಟಾಪಿನಲ್ಲಿ ಸಿನಿಮಾ ಹಾಕಿದೆವು, ಈ ಸಲ ಸರಿಯಾದ ಕ್ರಮದಲ್ಲಿ. ಅವನಿಗೆ ಕಳೆದ ವರ್ಷ ಬೈಪಾಸ್ ಆಗಿದೆ, ಜಾಸ್ತಿ ಮಾತಾಡಲ್ಲ. ಒಂದೂವರೆ ಗಂಟೆ ಆಗಿರಬೇಕು. ಅವನೇ ಕೈಚಾಚಿ ಮುಚ್ಚಳ ಮುಚ್ಚಿದ.

"ಎರಡನೇ ಡಬ್ಬಿ ಮುಗೀತು ಕಣೋ" ಅಂದ. "ಬಾ, ಕೆಳಗೆ ಕಾಫಿ ಸಿಗುತ್ತಾ ನೋಡೋಣ."